ಕಾಯಿಲೆ ಹತೋಟಿಗೆ ಬಂದಿದೆ, ಬೀಗದ ಕೈ ಯಾರ ಬಳಿ ಇದೆ?

ಪ್ರಶ್ನೆ: ನನ್ನ ತಮ್ಮನಿಗೆ ಈಗ 29 ವರ್ಷ. ಡಿಪ್ಲೊಮಾ ಓದುತ್ತಿದ್ದಾಗ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಶುರುವಾಯಿತು. ಎರಡು ವರ್ಷದಿಂದ ಮಾತ್ರೆ ತಪ್ಪಿಸಿಲ್ಲ. ಕಿವಿಯಲ್ಲಿ ಕೇಳಿಸುತ್ತಿದ್ದ ದನಿಗಳು ನಿಂತಿವೆ, ನಿದ್ದೆ ಚೆನ್ನಾಗಿದೆ. ವೈದ್ಯರು ‘ಹುಷಾರಾಗಿದ್ದಾನೆ’ ಎನ್ನುತ್ತಾರೆ. ಆದರೆ ಅವನು ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ, ಏನು ಕೇಳಿದರೂ ‘ನಿಮ್ಮಿಷ್ಟ’ ಎನ್ನುತ್ತಾನೆ. ಕಳೆದ ತಿಂಗಳು ಮಾತ್ರ, ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕೆಂದು ಅಪ್ಪನ ಮೇಲೆ ಕೂಗಾಡಿದ. ಕಾಯಿಲೆ ಮತ್ತೆ ಬಂತೆಂದು ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾತ್ರೆ ಹೆಚ್ಚಿಸಿ ಕಳಿಸಿದರು. ತಂಗಿಗೆ ಗಂಡು ನೋಡುತ್ತಿರುವುದರಿಂದ ಬಂದವರ ಮುಂದೆ ಅವನನ್ನು ಕೂರಿಸಲೂ ಅಪ್ಪನಿಗೆ ಅಂಜಿಕೆ. ಅವನಲ್ಲಿ ಆತ್ಮವಿಶ್ವಾಸ ತುಂಬುವುದು ಹೇಗೆ? ಆಪ್ತಸಮಾಲೋಚನೆ ಬೇಕೇ?
– ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಭರವಸೆ ಕೊಟ್ಟ ಸಾಲು, ನಿಮ್ಮನ್ನು ಹೆದರಿಸಿದ ಸಾಲೇ. ‘ನಿಮ್ಮಿಷ್ಟ’ ಎನ್ನುತ್ತಿದ್ದ ಮನುಷ್ಯ ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ‘ನನಗೆ ಇದು ಬೇಕು’ ಎಂದಿದ್ದಾರೆ. ಕೇಳಿದ್ದಾದರೂ ಏನು? ಬ್ಯಾಂಕಿನ ಪಾಸ್‌ಬುಕ್ಕು. ಅದಕ್ಕೆ ಉತ್ತರವಾಗಿ ಸಿಕ್ಕಿದ್ದು ಹೆಚ್ಚಿನ ಮಾತ್ರೆ.

ಅಮೆರಿಕದಲ್ಲಿ ಜೂಡಿ ಚೇಂಬರ್ಲಿನ್ ಎಂಬ ಮಹಿಳೆಯಿದ್ದರು. 1966ರಲ್ಲಿ ಸ್ವತಃ ಮಾನಸಿಕ ಆಸ್ಪತ್ರೆಗೆ ಸೇರಿ, ಅಲ್ಲಿ ಪಟ್ಟ ಪಾಡಿನಿಂದಲೇ ರೋಗಿಗಳ ಹಕ್ಕುಗಳ ಹೋರಾಟಗಾರ್ತಿಯಾದವರು. ಮಾನಸಿಕ ಕಾಯಿಲೆ ಇರುವವರ ಸಬಲೀಕರಣವನ್ನು ಅಳೆಯಲು 1997ರಲ್ಲಿ ಅವರು ಬಾಸ್ಟನ್ನಿನ ಸಂಶೋಧಕರ ಜೊತೆ ಸೇರಿ 28 ಹೇಳಿಕೆಗಳ ಒಂದು ಅಳತೆಗೋಲು ಪ್ರಕಟಿಸಿದರು. ಆತ್ಮಗೌರವ, ಅಧಿಕಾರ, ಊರಿನ ಕೆಲಸಗಳಲ್ಲಿ ಪಾಲು, ನಾಳೆಯ ಬಗೆಗಿನ ಭರವಸೆ – ಇವೆಲ್ಲ ಅದರಲ್ಲಿವೆ. ಜೊತೆಗೆ ಇನ್ನೊಂದು ಅಂಶವೂ ಇದೆ, ನ್ಯಾಯವಾದ ಸಿಟ್ಟು. ನಮ್ಮ ಮನೆಗಳಲ್ಲಿ ರೋಗಲಕ್ಷಣಗಳ ಪಟ್ಟಿಗೆ ಸೇರುವ ಸಿಟ್ಟನ್ನು ಅವರು ಸಬಲತೆಯ ಲೆಕ್ಕಕ್ಕೆ ಬರೆದುಕೊಂಡರು. ಆ ಅಧ್ಯಯನದಲ್ಲಿ ಕಂಡ ಮತ್ತೊಂದು ಸಂಗತಿಯೂ ನಿಮಗೆ ಸಂಬಂಧಿಸಿದ್ದೇ. ವಯಸ್ಸು, ಓದು, ಮದುವೆಯಾಗಿದೆಯೇ ಇಲ್ಲವೇ ಎಂಬುದಕ್ಕೂ ಸಬಲತೆಗೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಆದಾಯದ ಜೊತೆ, ಬದುಕಿನ ಗುಣಮಟ್ಟದ ಜೊತೆ, ಸಮುದಾಯದ ಚಟುವಟಿಕೆಗಳಲ್ಲಿ ಭಾಗವಹಿಸುವಿಕೆಯ ಜೊತೆ. ಅಮೆರಿಕದ ಲೆಕ್ಕವನ್ನು ಹಾಸನಕ್ಕೆ ಹಾಗೆಯೇ ಎತ್ತಿ ಇಡಲಾಗದು, ನಿಜ. ಆದರೆ ಇಪ್ಪತ್ತು ವರ್ಷ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಮನೆಮನೆ ಹತ್ತಿಳಿದ ನನಗೆ ಅದು ಅಚ್ಚರಿಯದಾಗಿ ಕಾಣುವುದಿಲ್ಲ.

ಸಿಟ್ಟೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಮರುಕಳಿಕೆಯ ಸಿಟ್ಟನ್ನು ಗುರುತಿಸಲು ಒಂದಷ್ಟು ಗುರುತುಗಳಿವೆ. ಅದು ಬರುವ ಮೊದಲು ಸಾಮಾನ್ಯವಾಗಿ ನಿದ್ದೆ ಕೆಡುತ್ತದೆ, ಊಟ ಏರುಪೇರಾಗುತ್ತದೆ, ಹಳೆಯ ಅನುಮಾನ ಇಣುಕುತ್ತದೆ, ಒಬ್ಬರೇ ಮಾತನಾಡಿಕೊಳ್ಳುವುದು ಹೆಚ್ಚುತ್ತದೆ. ಆ ಸಿಟ್ಟಿನ ಕಾರಣ ಕೇಳಿದರೆ ನಿಮಗೆ ಅರ್ಥವಾಗದ ಉತ್ತರ ಬರಬಹುದು. ನಿಮ್ಮ ತಮ್ಮನ ಸಿಟ್ಟಿಗೆ ಕಾರಣ ನಿಮಗೂ ಗೊತ್ತಿದೆ, ನನಗೂ ಗೊತ್ತಿದೆ. 29ರ ಹರೆಯದ ಯಾರಿಗಾದರೂ ಬರುವ ಸಿಟ್ಟು ಅದು. ಆ ದಿನ ನಿದ್ದೆ ಸರಿಯಾಗಿತ್ತೇ, ಮರುದಿನ ಹೇಗಿದ್ದರು ಎಂದು ಬರೆದಿಟ್ಟುಕೊಂಡು, ಹೆಚ್ಚಿಸಿದ ಮಾತ್ರೆ ಇನ್ನೂ ಬೇಕೇ ಎಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ. ನೀವಾಗಿಯೇ ಮಾತ್ರೆ ಇಳಿಸಬೇಡಿ.

ಅದೇ ಭೇಟಿಯಲ್ಲಿ ಮತ್ತೊಂದನ್ನೂ ಕೇಳಬೇಕು. ಹೊರಗೆ ಹೋಗದಿರುವುದು, ಏನೂ ಬೇಡವೆನ್ನುವುದು ಎಲ್ಲವೂ ಮನೆಯವರ ತಪ್ಪಿನಿಂದಲೇ ಆಗುವುದಿಲ್ಲ. ದನಿಗಳು ನಿಂತ ಮೇಲೂ ಉತ್ಸಾಹ ಬತ್ತಿಸುವುದು ಈ ಕಾಯಿಲೆಯ ಇನ್ನೊಂದು ಮುಖ. ಕೆಲವು ಔಷಧಿಗಳು ಮಂಪರು ತರುತ್ತವೆ, ತೂಕ ಏರಿಸುತ್ತವೆ, ಕೈಕಾಲು ಬಿಗಿಯುವಂತೆ ಮಾಡುತ್ತವೆ. ಖಿನ್ನತೆ ಮೆಲ್ಲಗೆ ಸೇರಿಕೊಂಡಿರಲೂಬಹುದು. ಇವಕ್ಕೆ ವೈದ್ಯಕೀಯ ಉತ್ತರಗಳಿವೆ. ಇವನ್ನು ಪರೀಕ್ಷಿಸದೆ ‘ಸೋಮಾರಿ’ ಎನ್ನುವುದು ಎಷ್ಟು ತಪ್ಪೋ, ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟಿ ಕೈಕಟ್ಟಿ ಕೂರುವುದೂ ಅಷ್ಟೇ ತಪ್ಪು.

ಈಗ ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ‘ಆತ್ಮವಿಶ್ವಾಸ ತುಂಬುವುದು ಹೇಗೆ’ ಎಂದು ಕೇಳಿದ್ದೀರಿ. ‘ಸಬಲೀಕರಣ’ ಎಂಬ ಸರ್ಕಾರಿ ಪದದಲ್ಲಿಯೂ ಇದೇ ಎಡವಟ್ಟಿದೆ. ಬಲವಿಲ್ಲದವರಿಗೆ ಬಲವುಳ್ಳವರು ಕೊಡದಿಂದ ಸುರಿಯುವ ನೀರು ಅದು ಎಂಬಂತೆ ಕೇಳಿಸುತ್ತದೆ. ನನಗೆ ‘ಯಜಮಾನಿಕೆ’ ಎಂಬ ಹಳೆಯ ಪದವೇ ಇಷ್ಟ. ತನ್ನ ಬದುಕಿನ ಯಜಮಾನಿಕೆ ನಿಮ್ಮ ತಮ್ಮನ ಬಳಿ ಒಂದು ಕಾಲಕ್ಕೆ ಇತ್ತು. ಕಾಯಿಲೆ ಜೋರಾಗಿದ್ದಾಗ ನೀವೆಲ್ಲ ಅದನ್ನು ತೆಗೆದಿಟ್ಟುಕೊಂಡಿರಿ. ಆಗ ಬೇರೆ ದಾರಿಯಿರಲಿಲ್ಲ, ಪ್ರೀತಿಯಿಂದಲೇ ತೆಗೆದುಕೊಂಡಿರಿ. ಮರಳಿ ಕೊಡುವುದು ಮಾತ್ರ ಮರೆತುಹೋಯಿತು. ಅದಕ್ಕೆ ದಿನ ಗೊತ್ತುಮಾಡಿದವರಿರಲಿಲ್ಲ, ವೈದ್ಯರ ಚೀಟಿಯಲ್ಲೂ ಅದು ಬರೆದಿರಲಿಲ್ಲ.

ಹಾಗಾಗಿ ಮನೆಭೇಟಿಗೆ ಹೋದಾಗ ನಾನು ಲಕ್ಷಣಗಳ ಬಗ್ಗೆ ಕೇಳುವ ಮೊದಲು ಕೆಲವು ಚಿಲ್ಲರೆ ಪ್ರಶ್ನೆ ಕೇಳುತ್ತೇನೆ. ಇವರ ಜೇಬಿನಲ್ಲಿ ಈಗ ಎಷ್ಟು ಹಣವಿದೆ? ಮನೆಯ ಬೀಗದ ಕೈ ಇವರ ಬಳಿ ಇರುತ್ತದೆಯೇ? ಮೊಬೈಲ್ ಇವರದ್ದೇ? ಮಾತ್ರೆಯ ಡಬ್ಬಿ ಯಾರ ಬೀರುವಿನಲ್ಲಿದೆ? ಕಟಿಂಗ್ ಶಾಪಿಗೆ ಒಬ್ಬರೇ ಹೋಗುತ್ತಾರೆಯೇ, ಇಲ್ಲ ಅಣ್ಣ ಕರೆದೊಯ್ದು ‘ಚಿಕ್ಕದಾಗಿ ಮಾಡಿ’ ಎಂದು ಹೇಳುತ್ತಾನೆಯೇ? ನೆಂಟರು ಬಂದಾಗ ಇವರು ಎಲ್ಲಿರುತ್ತಾರೆ? ಐದು ನಿಮಿಷದಲ್ಲಿ ಮನೆಯ ಚಿತ್ರ ಸಿಗುತ್ತದೆ. ನಿಮ್ಮ ಪತ್ರದಲ್ಲೇ ಎರಡಕ್ಕೆ ಉತ್ತರ ಸಿಕ್ಕಿದೆ: ಖಾತೆಯಿಲ್ಲ, ಗಂಡಿನ ಕಡೆಯವರು ಬಂದಾಗ ಒಳಕೋಣೆ.

ನನ್ನ ಬಳಿ ಬರುತ್ತಿದ್ದ ಒಂದು ಕುಟುಂಬದ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಗನಿಗೆ ಮೂವತ್ತು ದಾಟಿತ್ತು. ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಕೆಲಸವನ್ನು ತಾಯಿ ಅವನಿಗೆ ವಹಿಸಿದ್ದರು. ಆರು ತಿಂಗಳು ಹೋದ, ಬಂದ. ಬದಲಾವಣೆಯೇನೂ ಇಲ್ಲ, ತಾಯಿ ನಿರಾಶರಾದರು. ಮಾತಿಗೆ ಮಾತು ಬಂದಾಗ ತಿಳಿಯಿತು: ಕ್ಯಾನು ಹೊರುವವನು ಇವನು, ಬಟವಾಡೆ ಅಪ್ಪನ ಖಾತೆಗೆ. ಹಾಲಿನ ಫ್ಯಾಟ್ ಎಷ್ಟು ಬಂತೆಂದು ಡೈರಿಯ ಕಾರ್ಯದರ್ಶಿ ಅಪ್ಪನಿಗೆ ಫೋನ್ ಮಾಡಿ ಹೇಳುತ್ತಿದ್ದರು. ಎರಡು ಹಸುಗಳಲ್ಲಿ ಒಂದರ ಹಾಲನ್ನು ಮಗನ ಹೆಸರಿಗೆ ಬರೆಸಿದರು. ಹಿಂಡಿ ತರುವುದು, ಪಶುವೈದ್ಯರನ್ನು ಕರೆಸುವುದು ಎಲ್ಲ ಅವನದೇ ಲೆಕ್ಕ. ಮೊದಲ ಬಟವಾಡೆಯಲ್ಲಿ ಅವನು ಸಾಕಷ್ಟು ಹಣವನ್ನು ಸಿಗರೇಟು, ಬೋಂಡಾಗೆ ಕಳೆದ. ಅಪ್ಪ ನನಗೆ ಫೋನ್ ಮಾಡಿ ಬೈದರು. ಮೂರನೆಯ ಬಟವಾಡೆಯ ಹೊತ್ತಿಗೆ, ಹಾಲಿನ ಫ್ಯಾಟ್ ಕಡಿಮೆ ಬರೆದಿದ್ದಾರೆಂದು ಡೈರಿಯ ಮುಂದೆ ನಿಂತು ತಕರಾರು ತೆಗೆದನಂತೆ. ಆ ದಿನವೂ ಅಪ್ಪ ಫೋನ್ ಮಾಡಿದರು, ಬೈಯಲಿಲ್ಲ.

ಕೆಲಸ ಕೊಟ್ಟರೆ ಸಾಲದು ಎನ್ನುವುದಕ್ಕೆ ಇದನ್ನು ಹೇಳಿದೆ. ಕೆಲಸದ ಹಣ, ಅದನ್ನು ಕಳೆಯುವ ಸ್ವಾತಂತ್ರ್ಯ, ಜಗಳವಾಡುವ ಹಕ್ಕು ಎಲ್ಲವೂ ಒಟ್ಟಿಗೆ ಬರಬೇಕು. ತಪ್ಪು ಮಾಡಲು ಅವಕಾಶವಿಲ್ಲದವನು ತೀರ್ಮಾನ ಮಾಡುವುದನ್ನು ಎಲ್ಲಿ ಕಲಿಯಬೇಕು? ನಿಮ್ಮ ಮನೆಯಲ್ಲಿ ಹಸುವಿಲ್ಲದಿರಬಹುದು. ಅಂಗಡಿಯ ಸಾಮಾನಿನ ಚೀಟಿ, ಗ್ಯಾಸ್ ಬುಕ್ ಮಾಡುವುದು, ವಿದ್ಯುತ್ ಬಿಲ್ಲು – ಯಾವುದಾದರೊಂದು ಪೂರ್ತಿಯಾಗಿ ಅವರದಾಗಲಿ. ‘ಪೂರ್ತಿಯಾಗಿ’ ಎಂದರೆ ಹಿಂದಿನಿಂದ ನೀವು ಫೋನ್ ಮಾಡಿ ಅಂಗಡಿಯವರನ್ನು ಕೇಳಬಾರದು.

ಖಾತೆಯ ವಿಷಯ ನಿಮ್ಮ ತಂದೆಯ ಉದಾರತೆಗೆ ಬಿಟ್ಟದ್ದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಆಸ್ತಿ ಹೊಂದಲು, ತಮ್ಮ ಹಣಕಾಸು ತಾವೇ ನಿಭಾಯಿಸಲು, ಬ್ಯಾಂಕ್ ಸಾಲ ಪಡೆಯಲು ಇತರರಂತೆಯೇ ಅವರಿಗೂ ಹಕ್ಕಿದೆ ಎಂದು ಅದು ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಖಡಾಖಂಡಿತ: ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಅವರು ‘ಅಸ್ವಸ್ಥ ಚಿತ್ತ’ದವರೆಂದು ಅರ್ಥವಲ್ಲ, ಸಮರ್ಥ ನ್ಯಾಯಾಲಯ ಹಾಗೆಂದು ಘೋಷಿಸಬೇಕು. ಮತದಾರರ ಪಟ್ಟಿಯಿಂದ ಹೆಸರು ತೆಗೆಯಲೂ ಅದೇ ನಿಯಮ. ಕಳೆದ ಚುನಾವಣೆಯಲ್ಲಿ ನಿಮ್ಮ ತಮ್ಮ ಮತ ಹಾಕಿದರೇ? ಪತ್ರದಲ್ಲಿ ಬರೆದಿಲ್ಲ. ಹಾಕಿರದಿದ್ದರೆ ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಯಿಂದಲೇ ಶುರುವಾಗಲಿ. ಯಾರಿಗೆ ಹಾಕಬೇಕೆಂದು ಮನೆಯಲ್ಲಿ ಯಾರೂ ಹೇಳಿಕೊಡಬೇಡಿ.

ಮನೆಯ ಮಾತಿನ ಧಾಟಿಯ ಬಗ್ಗೆಯೂ ಹೇಳಬೇಕು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ 1950–60ರ ದಶಕಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಗಮನಿಸಿದರು. ಟೀಕೆ, ಹಗೆತನ ಹೆಚ್ಚಿದ್ದ ಮನೆಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತಿತ್ತು. ಅತಿಯಾದ ಕಾಳಜಿಯೂ ಅದೇ ಪಟ್ಟಿಗೆ ಸೇರಿತು. ಮುಂದೆ ಚಂಡೀಗಢದಲ್ಲಿ ಇದೇ ಅಳತೆಯಿಂದ ನೋಡಿದಾಗ ನಮ್ಮ ಕುಟುಂಬಗಳಲ್ಲಿ ಇಂಥ ಬಿಸಿ ಲಂಡನ್ನಿಗಿಂತ ಕಡಿಮೆ ಎಂದು ಕಂಡಿತು. ನಮಗೆ ಹೆಮ್ಮೆಯ ವಿಷಯವೇ. ಆದರೆ ನಾನು ಕಾಣುವ ಮನೆಗಳಲ್ಲಿ ಬೈಗುಳಕ್ಕಿಂತ ಹೆಚ್ಚು ಹಾನಿ ಮಾಡುವುದು ‘ನಿನಗ್ಯಾಕಪ್ಪ ಈ ತಾಪತ್ರಯ, ನೀನು ಆರಾಮವಾಗಿರು’ ಎಂಬ ಮುದ್ದಿನ ಮಾತು. ‘ಮಾತ್ರೆ ತೆಗೆದುಕೊಂಡೆಯಾ?’ ಎಂದು ದಿನಕ್ಕೆ ಮೂರು ಸಲ ಕೇಳಿಸಿಕೊಳ್ಳುವ ಮನುಷ್ಯನಿಗೆ ಬೇರೆ ಏನನ್ನೂ ಯಾರೂ ಕೇಳುವುದಿಲ್ಲ. ಕ್ರಿಕೆಟ್ಟು ನೋಡಿದೆಯಾ ಎಂದು ಕೇಳಿ, ಮಳೆ ಬರಬಹುದೇ ಎಂದು ಕೇಳಿ, ತಂಗಿಗೆ ನೋಡುತ್ತಿರುವ ಹುಡುಗ ಹೇಗೆ ಎಂದು ಅಣ್ಣನಾಗಿ ಅವರ ಅಭಿಪ್ರಾಯವನ್ನೂ ಕೇಳಿ.

ತಂಗಿಯ ಮದುವೆಯ ವಿಷಯ ಕಷ್ಟದ್ದು. ಹಗುರವಾಗಿ ಉಪದೇಶ ಮಾಡಲು ನನಗೆ ಮನಸ್ಸಿಲ್ಲ. ಮದುವೆ ಮಾತುಕತೆಯಲ್ಲಿ ಕುಟುಂಬದ ಕಾಯಿಲೆಗಳು ಮುರಿದುಹಾಕುವ ಸಂಬಂಧಗಳನ್ನು ನಾನೂ ಕಂಡಿದ್ದೇನೆ. ನಿಮ್ಮ ತಂದೆಯ ಅಂಜಿಕೆ ಸುಳ್ಳಲ್ಲ. ಆದರೆ ಬಚ್ಚಿಡುವುದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ನೋಡಿ. ಒಳಕೋಣೆಯಲ್ಲಿ ಕುಳಿತು, ನಡುಮನೆಯಲ್ಲಿ ಉಪ್ಪಿಟ್ಟು, ಕಾಫಿ ಸದ್ದು ಕೇಳುತ್ತಾ, ತಾನು ಈ ಮನೆಯ ಅವಮಾನ ಎಂದು ಅವರು ಕಲಿಯುತ್ತಿದ್ದಾರೆ. ಊರಿನವರು ಅಂಟಿಸುವ ಕಳಂಕವನ್ನು ಒರೆಸಿಕೊಳ್ಳಬಹುದು, ತನಗೆ ತಾನೇ ಅಂಟಿಸಿಕೊಂಡದ್ದು ಗಟ್ಟಿ. ‘ನಾನು ಪ್ರಯತ್ನಪಟ್ಟರೂ ಏನು ಪ್ರಯೋಜನ’ ಎಂಬುದೇ ಅವರ ಬಾಯಲ್ಲಿ ‘ನಿಮ್ಮಿಷ್ಟ’ ಆಗಿ ಹೊರಬರುತ್ತಿದೆ. ನನ್ನ ಸಲಹೆ ಇಷ್ಟೇ: ಬಂದವರ ಮುಂದೆ ‘ಇವನು ನನ್ನ ಮಗ’ ಎಂದು ಪರಿಚಯಿಸಲಿ. ಕಾಯಿಲೆಯ ವಿವರ ಹೇಳಬೇಕೇ, ಯಾವಾಗ ಹೇಳಬೇಕು ಎಂಬುದನ್ನು ನಿಮ್ಮ ತಮ್ಮ, ತಂಗಿ ಇಬ್ಬರನ್ನೂ ಕೂರಿಸಿಕೊಂಡು ತೀರ್ಮಾನಿಸಿ. ಮಾತು ಮುಂದುವರಿದರೆ ಮುಚ್ಚಿಡಬೇಡಿ. ಮದುವೆಯ ನಂತರ ಹೊರಬೀಳುವ ಗುಟ್ಟು ತಂಗಿಯ ಬದುಕನ್ನೂ ಹಿಂಡುತ್ತದೆ.

ನಡುವೆ ಒಂದು ಮಾತು. ಇದೇ ಕಾಯಿಲೆ ನಿಮ್ಮ ತಮ್ಮನ ಬದಲು ತಂಗಿಗೆ ಬಂದಿದ್ದರೆ ಈ ಪತ್ರ ನನಗೆ ಬರುತ್ತಿತ್ತೋ ಇಲ್ಲವೋ. ಹೆಣ್ಣುಮಕ್ಕಳ ‘ಮನೆಯಲ್ಲೇ ಇರುವುದು’ ಯಾರಿಗೂ ರೋಗಲಕ್ಷಣವಾಗಿ ಕಾಣುವುದಿಲ್ಲ. ಪಾತ್ರೆ ತೊಳೆಯುತ್ತಿದ್ದರೆ ‘ಹುಷಾರಾಗಿದ್ದಾಳೆ’ ಎಂದೇ ಲೆಕ್ಕ. ಗಂಡ ತವರಿಗೆ ತಂದು ಬಿಟ್ಟುಹೋದವರ ಪಾಡಂತೂ ಬೇರೆಯೇ. ಅವರ ಪರವಾಗಿ ಜಗಳವಾಡುವವರೂ ಇರುವುದಿಲ್ಲ.

ಆಸ್ಪತ್ರೆಯ ಕಡೆಗೂ ಬೆರಳು ತೋರಿಸಲೇಬೇಕು, ನಾನೂ ಆ ವ್ಯವಸ್ಥೆಯೊಳಗಿನವಳೇ. ಹೊರರೋಗಿ ವಿಭಾಗದಲ್ಲಿ ಸಾಲು ಬಾಗಿಲ ತನಕ ಇರುತ್ತದೆ. ವೈದ್ಯರು ತಲೆಯೆತ್ತಿ ಜೊತೆಗೆ ಬಂದವರನ್ನು ಕೇಳುತ್ತಾರೆ: ‘ಹೇಗಿದ್ದಾನೆ?’ ಪಕ್ಕದಲ್ಲೇ ಕುಳಿತ ವ್ಯಕ್ತಿಯ ಬಗ್ಗೆ ಪ್ರಥಮ ಪುರುಷದಲ್ಲಿ ಮಾತು ಮುಗಿಯುತ್ತದೆ. ಮುಂದಿನ ಸಲ ನಿಮ್ಮನ್ನು ಕೇಳಿದಾಗ ‘ಅವನನ್ನೇ ಕೇಳಿ ಸರ್’ ಎನ್ನಿ. ಭೇಟಿಗೆ ಮೊದಲು ಅವರೇ ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಲಿ: ಏನು ಸರಿಯಿದೆ, ಯಾವುದು ತೊಂದರೆ ಕೊಡುತ್ತಿದೆ, ಏನು ಬೇಕು. ಒಳಗೆ ಸ್ವಲ್ಪ ಹೊತ್ತು ಒಬ್ಬರೇ ಮಾತನಾಡಬೇಕೆಂದರೆ ನೀವು ಹೊರಗೆ ಕೂರಿ. ತಮ್ಮ ಕಾಯಿಲೆಯ ಮಾಹಿತಿಯ ಗೋಪ್ಯತೆ ಅವರಿಗೆ ಕಾನೂನು ಕೊಟ್ಟ ಹಕ್ಕು.

2017ರ ಕಾಯ್ದೆಯಲ್ಲಿ ನಿಮ್ಮಂಥ ಮನೆಗಳಿಗೆಂದೇ ಬರೆದಂತಿರುವ ಎರಡು ಸೌಲಭ್ಯಗಳಿವೆ. ಒಂದು, ಹುಷಾರಾಗಿದ್ದಾಗಲೇ ‘ನನಗೆ ಮುಂದೆ ಕಾಯಿಲೆ ಜೋರಾದರೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಕೊಡಬೇಡಿ’ ಎಂದು ಬರೆದಿಡುವ ಮುಂಗಡ ನಿರ್ದೇಶನ. ಇದಕ್ಕೆ ನಿಗದಿತ ವಿಧಿವಿಧಾನಗಳಿವೆ, ತುರ್ತು ಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಇನ್ನೊಂದು, ಅಂಥ ಹೊತ್ತಿನಲ್ಲಿ ತಮ್ಮ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯನ್ನು ಅವರೇ ಆರಿಸುವುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಅವರು ಅಪ್ಪನನ್ನು ಬಿಟ್ಟು ನಿಮ್ಮನ್ನೋ, ಗೆಳೆಯನನ್ನೋ ಆರಿಸಬಹುದು. ಅಪ್ಪ ಬೇಸರ ಮಾಡಿಕೊಳ್ಳಬಾರದು. ಈ ಹಾಳೆಯನ್ನು ಬರೆಯಲು ಎಲ್ಲರೂ ಕೂರುವ ಒಂದು ಸಂಜೆಗೆ ಹಾಳೆಗಿಂತ ಹೆಚ್ಚಿನ ಬೆಲೆಯಿದೆ. ‘ಎರಡು ರಾತ್ರಿ ನಿದ್ದೆ ಬರದಿದ್ದರೆ ನನಗೆ ಹೇಳಿ, ಮೂರನೆಯ ದಿನ ನಾನೇ ಆಸ್ಪತ್ರೆಗೆ ಬರುತ್ತೇನೆ’ ಎಂಬಂಥ ಒಪ್ಪಂದ ಅಲ್ಲಿ ಹುಟ್ಟುತ್ತದೆ. ಆಗ ಕೂಗಾಡಿದ ಪ್ರತಿ ಸಲವೂ ನೀವು ಬೆಚ್ಚಿಬೀಳಬೇಕಾಗಿಲ್ಲ.

ಸರ್ಕಾರಿ ಸವಲತ್ತುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಂಗವೈಕಲ್ಯವನ್ನು ಅಳೆದು ಪ್ರಮಾಣಪತ್ರ, ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್ ಕೊಡುತ್ತಾರೆ. ಪ್ರಮಾಣ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಪಿಂಚಣಿ ಮುಂತಾದವು. ಸರ್ಕಾರಿ ನೌಕರಿಯ ಶೇ 4 ಮೀಸಲಿನಲ್ಲಿ ಶೇ 1ರಷ್ಟು, ಮಾನಸಿಕ ಕಾಯಿಲೆಯವರೂ ಇರುವ ಗುಂಪಿಗೆ ಮೀಸಲು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ, ಅರ್ಜಿಯ ದಾರಿ ಅವರಿಗೆ ಗೊತ್ತಿರುತ್ತದೆ. ಆದರೆ ಇದರೊಳಗಿನ ಸಿಕ್ಕನ್ನೂ ತಿಳಿದಿರಿ. ಅಳೆಯುವವರು ನೋಡುವುದು ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ – ಈ ನಾಲ್ಕರಲ್ಲಿ ಎಷ್ಟು ಆಗುವುದಿಲ್ಲ ಎಂಬುದನ್ನು. ಹಾಗಾಗಿ ಕೆಲವು ಮನೆಗಳಲ್ಲಿ ‘ಕೆಲಸಕ್ಕೆ ಹೋಗಬೇಡ, ಪಿಂಚಣಿ ನಿಂತೀತು’ ಎಂಬ ಮಾತು ಬರುತ್ತದೆ. ಬಡತನದಲ್ಲಿ ಆ ಹೆದರಿಕೆ ಸಹಜ, ಬೈಯಲಾರೆ. ಕಾರ್ಡ್ ಮಾಡಿಸಬೇಕೇ ಬೇಡವೇ ಎಂಬುದನ್ನು ಅದರ ಮೇಲೆ ಹೆಸರಿರುವವರೇ ಹೇಳಲಿ. ಪಿಂಚಣಿ ಬಂದರೆ ಅದು ಅವರ ಖಾತೆಯಲ್ಲೇ ಇರಲಿ, ಎಟಿಎಂ ಕಾರ್ಡೂ ಅವರ ಜೇಬಿನಲ್ಲೇ ಇರಲಿ.

ದೂರವೂ ಒಂದು ಸಾಮಾಜಿಕ ಅಂಶವೇ. ಪ್ರತಿ ತಿಂಗಳು ಬೆಂಗಳೂರಿಗೆ ಬಂದರೆ ಒಬ್ಬರ ಕೂಲಿ ಹೋಗುತ್ತದೆ, ರೋಗಿ ಮನೆಗೆ ‘ಖರ್ಚಿನ ಬಾಬತ್ತು’ ಆಗುತ್ತಾರೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮುಂದೆ ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಅವರವರ ಊರಿನಲ್ಲೇ ಗುರುತಿಸಿ, ಹತ್ತಿರದಲ್ಲೇ ಚಿಕಿತ್ಸೆ ಕೊಡುವ ಕೆಲಸ ವರ್ಷಗಟ್ಟಲೆ ನಡೆದಿದೆ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಸಿಗುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ. ಹತ್ತಿರದ ಆಸ್ಪತ್ರೆಗೆ ಬಸ್ಸು ಹತ್ತಿ ಒಬ್ಬರೇ ಹೋಗಿಬರುವುದು ಅವರಿಗೆ ಸಾಧ್ಯ. ರಾತ್ರಿ ಹೊತ್ತು ಮಾತನಾಡಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಕರೆ ಮಾಡಬಹುದು. ಆ ಸಂಖ್ಯೆ ನಿಮ್ಮ ಮೊಬೈಲಿನಲ್ಲಲ್ಲ, ಅವರದರಲ್ಲಿ ಇರಲಿ.

ಆಪ್ತಸಮಾಲೋಚನೆ ಬೇಕೇ ಎಂದಿರಿ. ಬೇಕಾಗಬಹುದು. ಅದಕ್ಕಿಂತ ಮೊದಲು ಇದೇ ಹಾದಿ ದಾಟಿ ಬಂದ ಇನ್ನೊಬ್ಬರ ಪರಿಚಯ ಆಗಬೇಕು ಎನ್ನುತ್ತೇನೆ. ಮಾತ್ರೆ ನುಂಗುತ್ತಲೇ ಆಟೋ ಓಡಿಸುವವರು, ಬೇಕರಿಯಲ್ಲಿ ದುಡಿಯುವವರು, ಪಾಠ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಹೇಳಿಕೊಳ್ಳುವುದಿಲ್ಲ, ಅಷ್ಟೇ. ಅಂಥವರೊಬ್ಬರ ಜೊತೆ ಕುಡಿದ ಒಂದು ಲೋಟ ಟೀ, ನನ್ನಂಥವರ ಹತ್ತು ಗಂಟೆಯ ಮಾತಿಗಿಂತ ಮೇಲು. ನಿಮ್ಮ ವೈದ್ಯರನ್ನೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಜ ಕಾರ್ಯಕರ್ತರನ್ನೋ ಕೇಳಿದರೆ, ಇಬ್ಬರ ಒಪ್ಪಿಗೆಯಿಂದ ಭೇಟಿ ಮಾಡಿಸಬಲ್ಲರು. ಅವರ ಹಳೆಯ ಡಿಪ್ಲೊಮಾ ಗೆಳೆಯರಲ್ಲಿ ಯಾರಾದರೂ ಊರಿನಲ್ಲಿದ್ದಾರೆಯೇ? ಕಾಯಿಲೆಗೆ ಮೊದಲಿನ ತಮ್ಮನನ್ನು ಬಲ್ಲ ಒಬ್ಬ ಗೆಳೆಯ ಮನೆಗೆ ಬಂದರೂ ದೊಡ್ಡ ಉಪಕಾರ.

ಇಷ್ಟು ಬರೆದ ಮೇಲೆ ನನ್ನದೇ ತಪ್ಪೊಂದು ಕಣ್ಣಿಗೆ ಬಿತ್ತು. ನಿಮ್ಮ ತಮ್ಮನ ವಿಷಯವಾಗಿ ನಾವಿಬ್ಬರೂ ಇಷ್ಟು ಉದ್ದ ಮಾತನಾಡಿದೆವು, ಅವರಿಗೆ ಗೊತ್ತಿಲ್ಲದೆ. ನೀವು ಪತ್ರ ಬರೆದಿರುವುದನ್ನು ಅವರಿಗೆ ಹೇಳಿ, ಈ ಉತ್ತರವನ್ನು ಓದಲು ಕೊಡಿ. ‘ಇದರಲ್ಲಿ ಅರ್ಧ ಸುಳ್ಳು’ ಎಂದು ಅವರು ಹೇಳಿದರೆ ಯಾವ ಅರ್ಧ ಎಂದು ಕೇಳಿ ತಿಳಿದುಕೊಳ್ಳಿ. ಸೋಮವಾರ ಬೆಳಿಗ್ಗೆ ಅವರ ಆಧಾರ್ ಕಾರ್ಡು, ಎರಡು ಭಾವಚಿತ್ರ ತೆಗೆದುಕೊಂಡು ಬ್ಯಾಂಕಿಗೆ ಹೋಗಲಿ. ಜೊತೆಗೆ ಯಾರು ಬರಬೇಕು, ಅಥವಾ ಯಾರೂ ಬೇಡವೇ, ಅವರನ್ನೇ ಕೇಳಿ. ‘ನಿಮ್ಮಿಷ್ಟ’ ಎಂದರೆ ಅವಸರ ಮಾಡಬೇಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿ.